ಡೇರೆ ತಿಂದ ಬೂಷ್ಟಿನಿಂದ ಹುಲ್ಲಿನ ಎಥೆನಾಲ್

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನ್ಯವನ್ನು ಬೂಷ್ಟು ಬಹಳವಾಗಿ ಕಾಡಿತು. ಅಲ್ಲಿಯ ತೇವದ ಹವೆಯಲ್ಲಿ ಹತ್ತಿಯ ಡೇರೆ, ಬಟ್ಟೆಗಳೆಲ್ಲ ಕೊಳೆತು ಹರಿಯುತ್ತಿದ್ದವು. ಹಾಗೆ ಹಾಳಾದ ಬಟ್ಟೆಯಿಂದ ಬೇರ್ಪಡಿಸಿದ ಶಿಲೀಂಧ್ರಗಳಲ್ಲಿ ಬೂಗನ್‌ವಿಲ್ ದ್ವೀಪದ ಒಂದನ್ನು ಸೇನಾ ಪ್ರಯೋಗಾಲಯದ ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಬಟ್ಟೆ ಉಳಿಸಿಕೊಳ್ಳಲು ಶುರುವಾದ ಕೆಲಸ ನಾರನ್ನು ಸಕ್ಕರೆಯಾಗಿಸುವ ವಿದ್ಯೆಯತ್ತ ಹೊರಳಿತು. 1977ರಲ್ಲಿ ಆ ಶಿಲೀಂಧ್ರಕ್ಕೆ ರೀಸ್ ಅವರ ಹೆಸರನ್ನೇ ಇಡಲಾಯಿತು: ಟ್ರೈಕೋಡರ್ಮಾ ರೀಸೈ. ನಮ್ಮ ರೈತರು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಹೊಲಕ್ಕೆ ಹಾಕುವ ಟ್ರೈಕೋಡರ್ಮಾ ಪುಡಿಯೂ ಇದೇ ಕುಲದ್ದು.

ಅಕ್ಕಿಯ ಪಿಷ್ಟವೂ ಹುಲ್ಲಿನ ಸೆಲ್ಯುಲೋಸೂ ಗ್ಲೂಕೋಸಿನ ಸರಪಳಿಗಳೇ. ಕೊಂಡಿ ಕೂಡುವ ರೀತಿ ಬೇರೆಯಾದ್ದರಿಂದ ಅನ್ನ ನಮಗೆ ಅರಗುತ್ತದೆ, ಹುಲ್ಲು ಅರಗುವುದಿಲ್ಲ. ಹಸುವಿಗೂ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ನೆರವು ಬೇಕು. ಸಾಲದ್ದಕ್ಕೆ ಹೆಮಿಸೆಲ್ಯುಲೋಸ್ ಮತ್ತು ಗಟ್ಟಿಯಾದ ಲಿಗ್ನಿನ್ ಆ ಸರಪಳಿಗಳನ್ನು ಸುತ್ತುವರಿದಿರುತ್ತವೆ. ಅದಕ್ಕೇ ಕಾರ್ಖಾನೆಯಲ್ಲಿ ಹುಲ್ಲನ್ನು ಮೊದಲು ತೆಳು ಆಮ್ಲ ಮತ್ತು ಬಿಸಿ ಹಬೆಯಲ್ಲಿ ಬೇಯಿಸಿ ಸಡಿಲಗೊಳಿಸುತ್ತಾರೆ.

ಆಮೇಲೆ ಶಿಲೀಂಧ್ರ ಸ್ರವಿಸುವ ಕಿಣ್ವಗಳ ಸರದಿ. ಒಂದು ಬಗೆಯ ಕಿಣ್ವ ಸರಪಳಿಯನ್ನು ನಡುನಡುವೆ ಕತ್ತರಿಸುತ್ತದೆ. ಇನ್ನೊಂದು ತುದಿ ಹಿಡಿದು, ಎರಡೆರಡು ಗ್ಲೂಕೋಸಿನ ಜೋಡಿಗಳನ್ನು ಬಿಡಿಸುತ್ತಾ ಸಾಗುತ್ತದೆ. ಮೂರನೆಯದು ಆ ಜೋಡಿಯನ್ನು ಒಡೆಯುತ್ತದೆ. ಮೂರನೆಯದು ನಿಧಾನಿಸಿದರೆ ಜೋಡಿಗಳು ರಾಶಿಬಿದ್ದು ಎರಡನೆಯದರ ಕೆಲಸವನ್ನೇ ತಡೆಯುತ್ತವೆ. ರೀಸೈ ಶಿಲೀಂಧ್ರದ ದೌರ್ಬಲ್ಯ ಇಲ್ಲೇ ಇದೆ. ಮೂರನೆಯ ಕಿಣ್ವವನ್ನು ಅದು ಕಡಿಮೆ ತಯಾರಿಸುತ್ತದೆ. ಆ ಕೊರತೆಯನ್ನು ಆಸ್ಪರ್ಜಿಲ್ಲಸ್ ನೈಗರ್‌ನಂಥ ಇತರ ಶಿಲೀಂಧ್ರಗಳ ಕಿಣ್ವದಿಂದ ತುಂಬಬಹುದು. 2008ರಲ್ಲಿ ರೀಸೈ ಶಿಲೀಂಧ್ರದ ಜೀನೋಮ್ ಓದಿದಾಗ ಅಚ್ಚರಿಯೊಂದು ಕಾದಿತ್ತು: ನಾರು ಒಡೆಯುವ ಜೀನ್‌ಗಳು ಇತರ ಶಿಲೀಂಧ್ರಗಳಿಗಿಂತ ಇದರಲ್ಲಿ ಕಡಿಮೆ! ಇದರ ಬಲವೆಲ್ಲ ಸ್ರವಿಸುವ ಪ್ರಮಾಣದಲ್ಲಿದೆ. ಕೈಗಾರಿಕೆಗೆಂದು ಪಳಗಿಸಿದ ತಳಿಗಳು ಲೀಟರಿಗೆ 100 ಗ್ರಾಂಗೂ ಹೆಚ್ಚು ಪ್ರೋಟೀನ್ ಸುರಿಸುತ್ತವೆ. ಹೀಗೆ ಬಂದ ಗ್ಲೂಕೋಸನ್ನು ಯೀಸ್ಟ್ ಎಥೆನಾಲ್ ಮಾಡುತ್ತದೆ. ಹೆಮಿಸೆಲ್ಯುಲೋಸಿನಿಂದ ಬರುವ ಕ್ಸೈಲೋಸ್ ಸಕ್ಕರೆಯನ್ನು ಮಾಮೂಲಿ ಯೀಸ್ಟ್ ಹುದುಗಿಸಲಾರದು. ಅದಕ್ಕೆ ಮಾರ್ಪಡಿಸಿದ ತಳಿಗಳು ಬೇಕು.

ಪಂಜಾಬ್, ಹರಿಯಾಣಗಳಲ್ಲಿ ಭತ್ತದ ಕಟಾವಿಗೂ ಗೋಧಿ ಬಿತ್ತನೆಗೂ ನಡುವೆ ಸಿಗುವುದು ಕೆಲವೇ ವಾರ. ಹಾಗಾಗಿ ಕೂಳೆಗೆ ಬೆಂಕಿ ಬೀಳುತ್ತದೆ. ಸುಡುವ ಬದಲು ಆ ಹುಲ್ಲನ್ನು ಬಳಸಲೆಂದು 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಇಂಡಿಯನ್ ಆಯಿಲ್‌ನ ಪಾಣಿಪತ್ ಘಟಕದ ಗುರಿ ವರ್ಷಕ್ಕೆ 2 ಲಕ್ಷ ಟನ್ ಹುಲ್ಲಿನಿಂದ 3 ಕೋಟಿ ಲೀಟರ್ ಎಥೆನಾಲ್. ಟನ್ನಿಗೆ 150 ಲೀಟರ್ ಆಯಿತು. ಆದರೆ ಕಿಣ್ವ ಎಷ್ಟೇ ಚುರುಕಾಗಿರಲಿ, ಹಗುರವಾದ ಹುಲ್ಲನ್ನು ಆ ಕೆಲವೇ ವಾರಗಳಲ್ಲಿ ಪೆಂಡಿ ಕಟ್ಟಿ, ಸಾಗಿಸಿ, ವರ್ಷವಿಡೀ ಒದ್ದೆಯಾಗದಂತೆ ಕಾಪಾಡಬೇಕು. ಪ್ರಯೋಗಾಲಯದಲ್ಲಿ ಗೆದ್ದ ತಂತ್ರ ಸೋಲುವುದಾದರೆ ಇಲ್ಲೇ ಸೋಲುತ್ತದೆ ಎಂಬುದು ನನ್ನ ಅನಿಸಿಕೆ.

ಕರ್ನಾಟಕದಲ್ಲಿ ಭತ್ತದ ಹುಲ್ಲು, ಜೋಳದ ಸೊಪ್ಪೆ ದನದ ಮೇವು. ಬಣವೆಗೆ ಕೈಹಾಕುವ ಇಂಧನ ನಮಗೆ ಬೇಡ. ಹೊಲದಲ್ಲೇ ಸುಟ್ಟುಹೋಗುವ ಕಬ್ಬಿನ ರವದಿ, ಹತ್ತಿ ಕಟ್ಟಿಗೆ, ಮೆಕ್ಕೆಜೋಳದ ಬೆಂಡು ನಮ್ಮಲ್ಲಿವೆ. ಅವುಗಳಲ್ಲೂ ಒಂದು ಪಾಲು ಮಣ್ಣಿಗೆ ಸೇರಲೇಬೇಕು. ಇಂಥ ಘಟಕ ನಿಮ್ಮ ತಾಲ್ಲೂಕಿಗೆ ಬಂದರೆ ಎರಡು ಪ್ರಶ್ನೆ ಕೇಳಿ: ಟನ್ನಿಗೆ ಬೆಲೆ ಎಷ್ಟು, ಹೊಲದಿಂದ ಸಾಗಿಸುವ ಖರ್ಚು ಯಾರದು? ಉತ್ತರ ಬರಹದಲ್ಲಿ ಸಿಗುವ ತನಕ ಒಪ್ಪಂದಕ್ಕೆ ಸಹಿ ಹಾಕಬೇಡಿ.