ಹಾಲಿವುಡ್ಡಿನ ಸಂಗೀತಚಿತ್ರಗಳು: ಯಕ್ಷಗಾನದ ದೃಷ್ಟಿಯಿಂದ ಒಂದು ವಿವೇಚನೆ

ಚಲಚ್ಚಿತ್ರಕ್ಕೆ ಮಾತು ಬಂದುದು ಹಾಡಿನ ಜತೆಯಲ್ಲಿ. ಅಮೆರಿಕದಲ್ಲಿ 1927ರಲ್ಲಿ ತೆರೆಕಂಡ 'ದಿ ಜಾಸ್ ಸಿಂಗರ್' ಚಿತ್ರದಲ್ಲಿ ಸಂಭಾಷಣೆ ಅತ್ಯಲ್ಪ. ಜನರನ್ನು ಸೆಳೆದುದು ಅದರ ಗಾಯನ. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ವೂ ವೃತ್ತಿರಂಗಭೂಮಿಯ ನಟರನ್ನೂ ಹಾಡುಗಾರಿಕೆಯನ್ನೂ ನೆಮ್ಮಿಯೇ ಹುಟ್ಟಿತು. ಹಾಲಿವುಡ್ಡಿನಲ್ಲಿ ಮುಂದಿನ ಮೂರು ದಶಕಗಳಲ್ಲಿ ಸಂಗೀತಚಿತ್ರವು ಒಂದು ಪ್ರತ್ಯೇಕ ಪ್ರಕಾರವಾಗಿಯೇ ಬೆಳೆಯಿತು. ಅದರ ಗುಣದೋಷಗಳನ್ನು ಅಳೆಯತಕ್ಕ ಅಳತೆಗೋಲು ಪಂಜ ಸೀಮೆಯ ಪ್ರೇಕ್ಷಕನಲ್ಲಿ ಮೊದಲೇ ಇದೆಯೆಂಬುದು ನಮ್ಮ ಅಭಿಪ್ರಾಯ. ಅದು ತೆಂಕುತಿಟ್ಟಿನ ಯಕ್ಷಗಾನ.

ಬಯಲಾಟದಲ್ಲಿ ಭಾಗವತನು ಪದ್ಯ ಹಾಡುತ್ತಾನೆ. ವೇಷಧಾರಿಯು ಚೆಂಡೆಮದ್ದಳೆಗಳ ಗತಿಗೆ ಕುಣಿದು, ಬಳಿಕ ಆ ಪದ್ಯಕ್ಕೆ ಅರ್ಥ ಹೇಳುತ್ತಾನೆ. ಇಲ್ಲಿ ಗಮನಿಸತಕ್ಕ ಸಂಗತಿಗಳು ಎರಡು. ಕಥೆ ಸಾಗುವುದು ಪದ್ಯದ ಮೂಲಕ. ಪದ್ಯವನ್ನು ತೆಗೆದರೆ ಪ್ರಸಂಗವೇ ಉಳಿಯದು. ಕೊರಲು ಒಬ್ಬನದು, ಒಡಲು ಮತ್ತೊಬ್ಬನದು. ಆದರೆ ಇದರಲ್ಲಿ ಮುಚ್ಚುಮರೆಯಿಲ್ಲ. ಭಾಗವತನು ಎಲ್ಲರ ಕಣ್ಣೆದುರು ರಂಗದ ಮೇಲೆಯೇ ಇರುತ್ತಾನೆ.

ಮೊದಲು ಗುಣವನ್ನು ನೋಡೋಣ. 1935ರ 'ಟಾಪ್ ಹ್ಯಾಟ್' ಚಿತ್ರದಲ್ಲಿ ನಾಯಕನ ಮೇಲೆ ಮುನಿದ ನಾಯಕಿ ಮಳೆಗೆ ಉದ್ಯಾನದ ಮಂಟಪವೊಂದರಲ್ಲಿ ನಿಂತಿದ್ದಾಳೆ. ಅವನು ಹಾಡಿ ಹೆಜ್ಜೆ ಹಾಕುತ್ತಾನೆ. ಅವಳು ಮೊದಲು ಆ ಹೆಜ್ಜೆಗಳನ್ನು ಅಣಕಿಸುತ್ತಾಳೆ, ಕ್ರಮೇಣ ಜತೆಗೂಡುತ್ತಾಳೆ. ಮುನಿಸು ಒಲವಾದುದನ್ನು ತಿಳಿಸಲು ಮಾತೇ ಬೇಕಾಗುವುದಿಲ್ಲ. ಫ್ರೆಡ್ ಆಸ್ಟೇರನು ನರ್ತಕರ ಮೈ ಅಡಿಯಿಂದ ಮುಡಿಯವರೆಗೆ ಕಾಣಬೇಕೆಂದು ಹಟ ಹಿಡಿಯುತ್ತಿದ್ದನು. ಆದಕಾರಣ ಅವನ ಮತ್ತು ಜಿಂಜರ್ ರಾಜರ್ಸಳ ಕುಣಿತದಲ್ಲಿ ಕ್ಯಾಮರಾದ ಕೈಚಳಕಕ್ಕಿಂತ ಕಲಾವಿದರ ಶ್ರಮವೇ ಮುಂದಾಗಿ ತೋರುತ್ತದೆ.

ದೋಷ ತಲೆದೋರುವುದು ಹಾಡು ಕಥೆಯಿಂದ ಕಳಚಿಕೊಂಡಾಗ. ಅನೇಕ ಚಿತ್ರಗಳಲ್ಲಿ ಕಥೆ ಬರಿಯ ನೆಪ. ಹಾಡೊಂದನ್ನು ಕಿತ್ತರೂ ಕೊರತೆ ಕಾಣದು. ಇದು ರಚನೆಯ ದೋಷ ಮಾತ್ರವೆಂದು ತೋರಬಹುದು. ಆದರೆ 1940ರ ದಶಕದಲ್ಲಿ ಎಂ.ಜಿ.ಎಂ. ಸಂಸ್ಥೆಯ ಚಿತ್ರಗಳಲ್ಲಿ ಹಾಡಿದ ಆಫ್ರಿಕನ್-ಅಮೆರಿಕನ್ ಗಾಯಕಿ ಲೀನಾ ಹಾರ್ನಳ ಉದಾಹರಣೆಯನ್ನು ಪರಿಶೀಲಿಸಬೇಕು. ವರ್ಣಭೇದ ಪ್ರಬಲವಾಗಿದ್ದ ದಕ್ಷಿಣದ ರಾಜ್ಯಗಳಲ್ಲಿ ಪ್ರದರ್ಶಕರು ಕತ್ತರಿಸಿ ತೆಗೆಯಲು ಅನುಕೂಲವಾಗುವಂತೆ ಆಕೆಯ ಹಾಡುಗಳನ್ನು ಕಥೆಗೆ ಅಂಟದ ಹಾಗೆ ಚಿತ್ರೀಕರಿಸಲಾಗುತ್ತಿತ್ತು. ಕಥೆಗೆ ಬೇಡವಾದ ಹಾಡಿನೊಡನೆ ಒಬ್ಬ ಮನುಷ್ಯಳೂ ಬೇಡವಾದಳು.

ಎರಡನೆಯ ದೋಷ ಕೊರಲನ್ನು ಬಚ್ಚಿಡುವುದು. 1952ರ 'ಸಿಂಗಿನ್ ಇನ್ ದಿ ರೇನ್' ಚಿತ್ರದ ವಸ್ತುವೇ ಇದು: ಪ್ರಸಿದ್ಧ ನಟಿಯೊಬ್ಬಳಿಗೆ ತೆರೆಮರೆಯಲ್ಲಿ ದನಿ ಕೊಟ್ಟ ತರುಣಿಗೆ ಕೊನೆಗೆ ನ್ಯಾಯ ದೊರೆಯುತ್ತದೆ. ಆದರೆ ಆ ತರುಣಿಯಾಗಿ ನಟಿಸಿದ ಡೆಬಿ ರೆನಾಲ್ಡ್ಸಳಿಗೂ ಒಂದು ಹಾಡಿನಲ್ಲಿ ದನಿ ಕೊಟ್ಟವಳು ಬೆಟಿ ನಾಯ್ಸ್ ಎಂಬ ಬೇರೊಬ್ಬ ಗಾಯಕಿ! 1964ರ 'ಮೈ ಫೇರ್ ಲೇಡಿ'ಯಲ್ಲಿ ಆಡ್ರೆ ಹೆಪ್‌ಬರ್ನಳ ಹಾಡುಗಳಲ್ಲಿ ಬಹುಪಾಲನ್ನು ಹಾಡಿದವಳು ಮಾರ್ನಿ ನಿಕ್ಸನ್. ಅವಳ ಹೆಸರು ತೆರೆಯ ಮೇಲೆ ಬರಲಿಲ್ಲ.

ಹಿನ್ನೆಲೆಗಾಯನವೇ ದೋಷವೆಂದು ನಾವು ಹೇಳುತ್ತಿಲ್ಲ. ರಾಜಕುಮಾರರಿಗೆ ಬಹುಕಾಲ ದನಿಯಾದ ಪಿ. ಬಿ. ಶ್ರೀನಿವಾಸರನ್ನು ಕನ್ನಡ ರಸಿಕರು ಹೆಸರು ಹಿಡಿದೇ ಮೆಚ್ಚಿದರು. ಗಾಯಕನ ಬಾಳನ್ನೇ ವಸ್ತುವಾಗುಳ್ಳ 'ಸಂಧ್ಯಾರಾಗ'ದಲ್ಲಿ (1966) ಭೀಮಸೇನ ಜೋಶಿಯವರ ಗಾಯನವನ್ನು ಕಳೆದರೆ ಕಥೆಯ ಜೀವವೇ ಹೋಗುತ್ತದೆ. ಇತ್ತ ಯಕ್ಷಗಾನವೂ ನಿರ್ದೋಷಿಯಲ್ಲ. ವೃತ್ತಿಮೇಳಗಳಲ್ಲಿ ಸ್ತ್ರೀವೇಷವು ಬಹುಕಾಲ ಗಂಡಸರ ಪಾಲಾಗಿಯೇ ಉಳಿಯಿತು.

ಆದುದರಿಂದ ಯಾವುದೇ ಸಂಗೀತಚಿತ್ರವನ್ನು ವಿಮರ್ಶಿಸುವಾಗ ವಿದ್ಯಾರ್ಥಿಗಳು ಎರಡು ಪ್ರಶ್ನೆಗಳನ್ನು ಕೇಳಬೇಕು. ಈ ಹಾಡನ್ನು ತೆಗೆದರೆ ಕಥೆ ನಿಲ್ಲುತ್ತದೆಯೆ? ಹಾಡಿದವರು ಯಾರೆಂದು ನಮಗೆ ತಿಳಿಸಿದ್ದಾರೆಯೆ? ಮೊದಲನೆಯದು ಕಲೆಯ ಪ್ರಶ್ನೆ, ಎರಡನೆಯದು ಇತಿಹಾಸದ್ದು. ಲೀನಾ ಹಾರ್ನಳ ವಿಷಯದಲ್ಲಿ ಇವೆರಡೂ ಒಂದೇ ಪ್ರಶ್ನೆಯಾದುವು.