ರೊಟ್ಟಿಯ ರಾಶಿ, ಕ್ಷೌರದ ಕುರ್ಚಿ

ಕೊಪ್ಪಳದ ಗವಿಮಠದ ಜಾತ್ರೆ ಹತ್ತಿರ ಬಂತೆಂದರೆ ಸುತ್ತಲಿನ ಹಳ್ಳಿಗಳಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಮನೆಮನೆಯಲ್ಲಿ ಬಡಿದು ಒಣಗಿಸಿದ ಜೋಳದ ರೊಟ್ಟಿ ಟ್ರ್ಯಾಕ್ಟರು, ಬಂಡಿ ಏರಿ ಮಹಾದಾಸೋಹಕ್ಕೆ ಬರುತ್ತದೆ. ಒಮ್ಮೆ ರಾಶಿಗೆ ಬಿದ್ದ ಮೇಲೆ ಅದು ಯಾವ ಓಣಿಯದು, ಯಾರ ಒಲೆಯದು ಎಂದು ಹೇಳಲಾಗದು. ಇದೇ ಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ 2019ರಲ್ಲಿ ಮುಂದೆ ನಿಂತಾಗ, ಜಾಲಿ ಬೆಳೆದು ಹೂಳು ತುಂಬಿದ್ದ ಹಿರೇಹಳ್ಳವನ್ನು ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಜನ ಸ್ವಚ್ಛ ಮಾಡಿದರು. ಕುಷ್ಟಗಿಯ ನಿಡಶೇಸಿ ಕೆರೆ, ಯಲಬುರ್ಗಾದ ತಲ್ಲೂರು ಕೆರೆಗಳ ಹೂಳೂ ಎದ್ದಿತು. ಮಳೆಗೆ ಬರವಿರುವ ಈ ಸೀಮೆಯಲ್ಲಿ ಕೊಡುವ ಕೈಗೆ ಬರವಿಲ್ಲ.

ಆದರೆ ಗಂಗಾವತಿ ತಾಲ್ಲೂಕಿನ ಮರಕುಂಬಿಯೂ ಇದೇ ಜಿಲ್ಲೆಯದು. ಕ್ಷೌರದಂಗಡಿ, ಹೋಟೆಲುಗಳಿಗೆ ದಲಿತರನ್ನು ಬಿಟ್ಟುಕೊಳ್ಳದ ಬಗ್ಗೆ ಹೊಗೆಯಾಡುತ್ತಿದ್ದ ಜಗಳ 2014ರ ಆಗಸ್ಟ್‌ನಲ್ಲಿ ದಲಿತರ ಮನೆಗಳ ಮೇಲಿನ ದಾಳಿಯಾಗಿ ಸ್ಫೋಟಿಸಿತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮರು ತಿಂಗಳೇ ಅವರಲ್ಲಿ ಬಹುತೇಕರಿಗೆ ಹೈಕೋರ್ಟ್ ಜಾಮೀನು ಕೊಟ್ಟಿತು. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಗುಡಿಯೊಳಗೆ ಓಡಿದ್ದು ದಲಿತ ಕುಟುಂಬದ ಪುಟ್ಟ ಮಗು. ಶುದ್ಧೀಕರಣಕ್ಕೆಂದು ಆ ಕುಟುಂಬದಿಂದ ದಂಡ ಕೇಳಲಾಯಿತು.

ಹಾಗಾದರೆ ರೊಟ್ಟಿಯ ರಾಶಿ ಸುಳ್ಳೇ? ಅಲ್ಲ. ಕೊಡುವುದು ಒಂದು, ಪಕ್ಕದಲ್ಲಿ ಕೂರಿಸಿಕೊಳ್ಳುವುದು ಇನ್ನೊಂದು. ದಾನ ಕೊಡುವಾಗ ಕೈ ಮೇಲಿರುತ್ತದೆ. ಒಂದೇ ಕುರ್ಚಿ, ಒಂದೇ ಕತ್ತರಿ ಎಂದಾಗ ಮೇಲು ಕೆಳಗಿನ ಲೆಕ್ಕವೇ ತಪ್ಪುತ್ತದೆ. ನೆರೆಹೊರೆತನ ರಾಜಕೀಯ ಮೌಲ್ಯವಾಗುವುದು ಈ ಎರಡನೆಯ ಕಡೆ ಎಂಬುದು ನನ್ನ ವಾದ.

ಒಳ್ಳೆಯತನವನ್ನು ಕಾನೂನಿನಿಂದ ಹುಟ್ಟಿಸಲಾದೀತೇ ಎಂದು ಕೇಳುವವರಿದ್ದಾರೆ. ಪ್ರೀತಿಯನ್ನು ಹುಟ್ಟಿಸಲಾಗದು, ನಿಜ. ಆದರೆ ಕ್ಷೌರಕ್ಕೆ ಪ್ರೀತಿ ಬೇಕಿಲ್ಲ. ಬಾಗಿಲು ತೆರೆದಿದ್ದರೆ ಸಾಕು. ಆ ಬಾಗಿಲನ್ನು ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿ ಆಗಲೇ ತೆರೆದಿದೆ. ಕೇಸು ಹಾಕಿದರೆ ಊರಿನ ಸಾಮರಸ್ಯ ಕೆಡುತ್ತದೆ ಎಂಬುದು ಇನ್ನೊಂದು ಮಾತು, ಹೆಚ್ಚು ಕೇಳಿಬರುವ ಮಾತು. ಒಂದು ಓಣಿಯವರು ಬಾಯಿ ಮುಚ್ಚಿಕೊಂಡಿದ್ದರಿಂದ ಉಳಿದಿದ್ದ ಶಾಂತಿಯನ್ನು ಸಾಮರಸ್ಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕಡೆಗೆ ಪೊಲೀಸು, ಕೋರ್ಟು ಊರಿಗೆ ಬರುವುದು ನೆರೆಯವರು ಮಾಡಬೇಕಿದ್ದ ಕೆಲಸ ಮಾಡದೆ ಬಿಟ್ಟಾಗ.

ಆ ಕೆಲಸಕ್ಕೆ ಜಾಗವೂ ಇದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಮತ ಕೇಳಲು ಬರುವವರು ಅಕ್ಕಪಕ್ಕದವರೇ. ಯಾವ ಅಂಗಡಿಯಲ್ಲಿ ಯಾರನ್ನು ಹೊರಗೆ ನಿಲ್ಲಿಸುತ್ತಾರೆ ಎಂಬುದು ಜಿಲ್ಲಾಧಿಕಾರಿಗಿಂತ ಮೊದಲು ಅವರಿಗೆ ಗೊತ್ತು. ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪ, ಮನೆ ಹಂಚಿಕೆಯ ಜೊತೆಗೆ ಕ್ಷೌರದಂಗಡಿಯ ಮಾತೂ ಬರಬೇಕು; ಅದೂ ದಲಿತರ ಓಣಿಯವರ ಬಾಯಿಂದಲ್ಲ, ಎದುರು ಓಣಿಯವರ ಬಾಯಿಂದ.