ಅಣಬೆಯ ಸಾರ ಮತ್ತು ಕಣ್ಣಿನ ಬೆಳಕು

ಮೊಬೈಲ್, ಕಂಪ್ಯೂಟರ್ ಪರದೆಗಳ ನೀಲಿ ಬೆಳಕಿನಿಂದ ದೃಷ್ಟಿಯನ್ನು ಕಾಪಾಡುವ 'ನೈಸರ್ಗಿಕ' ಉಪಾಯವೆಂದು ಔಷಧೀಯ ಅಣಬೆಗಳ ಸಾರ ತುಂಬಿದ ಗುಳಿಗೆಗಳು ಮಾರಾಟವಾಗುತ್ತಿವೆ. ಇವುಗಳಲ್ಲಿ ಪ್ರಮುಖವಾದುದು ಚೀನೀಯರು ಲಿಂಗ್‌ಝೀ ಎಂದೂ ಜಪಾನೀಯರು ರೇಶಿ ಎಂದೂ ಕರೆಯುವ ಗ್ಯಾನೊಡರ್ಮಾ. ಚೀನೀ ವೈದ್ಯ ಪರಂಪರೆಯಲ್ಲಿ ಅದಕ್ಕೆ ಶತಮಾನಗಳ ಮನ್ನಣೆಯಿದೆ. ಆದರೆ ಮನ್ನಣೆ ಬೇರೆ, ಪುರಾವೆ ಬೇರೆ.

ಬೆಳಕು ಕಣ್ಣಿಗೆ ಹಾನಿ ಮಾಡಬಲ್ಲದು ಎಂಬುದು ನಿಜ. ಸಾಮಾನ್ಯ ಟ್ಯೂಬ್‌ಲೈಟಿನಂಥ ದೀಪಗಳ ಬೆಳಕಿಗೆ ದೀರ್ಘಕಾಲ ಒಡ್ಡಿದ ಇಲಿಗಳ ಅಕ್ಷಿಪಟಲ ಹಾಳಾಗುವುದನ್ನು ವರ್ನರ್ ನೋಯೆಲ್ ಮತ್ತು ಸಂಗಡಿಗರು 1966ರಲ್ಲಿಯೇ ತೋರಿಸಿದರು. ಅಣಬೆಯ ಸಾರಗಳ ಕುರಿತ ಆಶಾದಾಯಕ ಫಲಿತಾಂಶಗಳು ಬಂದಿರುವುದೂ ಪ್ರಯೋಗಾಲಯದ ಜೀವಕೋಶ ಮತ್ತು ಪ್ರಾಣಿಗಳಿಂದಲೇ. ಆ ಇಲಿಯ ಸ್ಥಿತಿ ಕಚೇರಿಯ ಗುಮಾಸ್ತನದಲ್ಲ. ಪರದೆಯ ಬೆಳಕು ಹೊರಗಿನ ಹಗಲ ಬೆಳಕಿನ ಮುಂದೆ ತೀರ ಕ್ಷೀಣ. ನೀಲಿ ಬೆಳಕನ್ನು ತಡೆಯುವ ಕನ್ನಡಕಗಳಿಂದ ಕಣ್ಣಿನ ಆಯಾಸ ತಗ್ಗುವುದಕ್ಕೂ ಆಧಾರ ದೊರೆಯಲಿಲ್ಲವೆಂದು ಕಾಕ್ರೇನ್ ಸಂಸ್ಥೆಯ 2023ರ ಪರಿಶೀಲನೆ ಹೇಳಿದೆ.

ಕಣ್ಣಿಗೆ ನೆರವಾಗುವ ಪೂರಕಾಂಶಗಳೇ ಇಲ್ಲವೆಂದಲ್ಲ. ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ ಸಾವಿರಾರು ಜನರ ಮೇಲೆ ವರ್ಷಗಟ್ಟಲೆ ನಡೆಸಿದ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸತು ಹಾಗೂ ನಿರ್ದಿಷ್ಟ ವಿಟಮಿನ್‌ಗಳ ಮಿಶ್ರಣವು ಮ್ಯಾಕ್ಯುಲಾದ ಸವಕಳಿ ಉಲ್ಬಣಿಸುವ ಸಂಭವವನ್ನು ಸುಮಾರು ಶೇ 25ರಷ್ಟು ಇಳಿಸಿತು. ಆದರೆ ಪ್ರಯೋಜನ ಕಂಡದ್ದು ರೋಗ ಆಗಲೇ ಒಂದು ಹಂತ ಮುಟ್ಟಿದವರಲ್ಲಿ ಮಾತ್ರ. ಆ ಮಿಶ್ರಣದಲ್ಲಿ ಅಣಬೆ ಇರಲಿಲ್ಲ.

ಮಾರಾಟಗಾರನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ ಮಾರುಕಟ್ಟೆ ಹೇಗೆ ಕೆಡುತ್ತದೆಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ನಿದರ್ಶನದಿಂದ ವಿವರಿಸಿದರು. ಕಾರಿನ ದೋಷವಾದರೂ ಓಡಿಸಿದ ಮೇಲೆ ತಿಳಿಯುತ್ತದೆ. ಗುಳಿಗೆಯದು ನುಂಗಿದ ಮೇಲೂ ತಿಳಿಯದು. ದೃಷ್ಟಿ ಉಳಿದರೆ ಕೀರ್ತಿ ಗುಳಿಗೆಗೆ, ಮಂದವಾದರೆ ಅಪಕೀರ್ತಿ ವಯಸ್ಸಿಗೆ.

ಕಾನೂನು ಇಲ್ಲದಿಲ್ಲ. 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಕುರುಡು, ಕಣ್ಣಿನ ಪೊರೆ, ಗ್ಲಾಕೋಮಾಗಳನ್ನು ಹೆಸರಿಸಿಯೇ ನಿರ್ಬಂಧಿಸಿದೆ. ಪೂರಕ ಆಹಾರಗಳು ಔಷಧವಾಗಿ ಬಳಸುವಂಥವಲ್ಲವೆಂದು ಲೇಬಲ್ ಸಾರಬೇಕೆಂದು 2016ರ ನಿಯಮಗಳು ವಿಧಿಸಿವೆ. ಆದರೆ ಆಡಳಿತದಲ್ಲಿ ದಶಕಗಳನ್ನು ಕಳೆದ ನಾನು ಕಂಡಂತೆ, ನಿಯಮ ಪದಗಳನ್ನು ಹಿಡಿಯುತ್ತದೆ, ವ್ಯಾಪಾರ ಪದಗಳ ಸಂದಿಯಲ್ಲಿ ನುಸುಳುತ್ತದೆ. 'ಕಣ್ಣಿನ ಆರೋಗ್ಯಕ್ಕೆ ಆಸರೆ' ಎಂಬ ಮಾತಿನಲ್ಲಿ ರೋಗದ ಹೆಸರೆಲ್ಲಿದೆ?

ಹಣ ಪೋಲಾಗುವುದಷ್ಟೇ ಆಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ನನ್ನ ಪರಿಚಿತ ನಿವೃತ್ತರೊಬ್ಬರು ಮಧುಮೇಹಿಗಳು. ಗುಳಿಗೆ ನುಂಗುತ್ತಿದ್ದೇನಲ್ಲ ಎಂಬ ನೆಮ್ಮದಿಯಲ್ಲಿ ಅಕ್ಷಿಪಟಲದ ತಪಾಸಣೆಯನ್ನು ಎರಡು ವರ್ಷ ಮುಂದೂಡಿದರು. ಕಳೆದುಹೋದ ದೃಷ್ಟಿ ಲೇಸರ್ ಚಿಕಿತ್ಸೆಯಿಂದ ಮರಳಲಿಲ್ಲ, ಉಳಿದದ್ದು ಉಳಿಯಿತು. ಸುಳ್ಳು ರಕ್ಷಣೆಯ ನಿಜವಾದ ಬೆಲೆ ಇದು.

ಮಧುಮೇಹಿಗಳಿಗೆ ವಾರ್ಷಿಕ ತಪಾಸಣೆ, ಕುಟುಂಬದಲ್ಲಿ ಗ್ಲಾಕೋಮಾ ಇದ್ದವರಿಗೆ ಕಣ್ಣಿನ ಒತ್ತಡದ ಪರೀಕ್ಷೆ, ಬಿಸಿಲಿಗೆ ನೇರಳಾತೀತ ಕಿರಣ ತಡೆಯುವ ಕನ್ನಡಕ, ವೆಲ್ಡಿಂಗ್ ಕಾರ್ಮಿಕನಿಗೆ ಮುಖಗವಸು: ಇವು ಆಕರ್ಷಕವಲ್ಲ, ಆದರೆ ಫಲ ಕೊಡುತ್ತವೆ. ಸರ್ಕಾರ ಮಾಡಬಹುದಾದ ಕೆಲಸವೂ ಒಂದಿದೆ. ಪೂರಕ ಆಹಾರದ ಪ್ರತಿ ಡಬ್ಬಿಯ ಮುಂಭಾಗದಲ್ಲಿ, ಅದು ಹೇಳಿಕೊಳ್ಳುವ ಗುಣ ಮನುಷ್ಯರಲ್ಲಿ ಸಾಬೀತಾಗಿದೆಯೇ ಇಲ್ಲವೇ ಎಂಬುದನ್ನು ಒಂದೇ ಸಾಲಿನಲ್ಲಿ, ಕನ್ನಡದಲ್ಲಿ, ಕಣ್ಣು ಮಂಜಾದವರೂ ಓದಬಲ್ಲ ದಪ್ಪ ಅಕ್ಷರಗಳಲ್ಲಿ ಮುದ್ರಿಸುವುದನ್ನು ಕಡ್ಡಾಯಗೊಳಿಸಲಿ.